ಪರಿಮಳ ಬರುವವರೆಗೆ

ಅಡುಗೆ ಪುಸ್ತಕ ಬರೆಯುವವರು ಬಹಳ ಶಿಸ್ತಿನ ಜನ. ಕಡಲೆಬೇಳೆ ಎರಡು ಚಮಚ, ಉಪ್ಪು ಅರ್ಧ ಚಮಚ, ನೀರು ಒಂದೂವರೆ ಲೋಟ ಎಂದು ಎಲ್ಲದಕ್ಕೂ ಲೆಕ್ಕ ಕೊಟ್ಟಿರುತ್ತಾರೆ. ಆದರೆ ಅಡುಗೆಯ ಮುಖ್ಯ ಘಟ್ಟ ಬಂದಾಗ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ‘ಹಸಿ ವಾಸನೆ ಹೋಗುವವರೆಗೆ ಹುರಿಯಿರಿ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಹಸಿ ವಾಸನೆ ಎಂದರೆ ಯಾವುದು, ಅದು ಹೋದದ್ದು ಗೊತ್ತಾಗುವುದು ಹೇಗೆ, ಹೋಗುವುದಕ್ಕೆ ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿಲ್ಲ. ಗೊತ್ತಿದ್ದವರಿಗೆ ಆ ಸಾಲು ಬೇಕಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ಥಾಯ್ಲೆಂಡಿನ ಅಡುಗೆಯಲ್ಲೂ ಇದೇ ಕಥೆ. ಅಲ್ಲಿ ಆ ಸಾಲು ‘ಫತ್ ಚೊನ್ ಹೊಮ್’ ಎಂದಿರುತ್ತದೆ. ‘ಫತ್’ ಎಂದರೆ ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುವುದು. ನಮ್ಮ ಊರಿನ ಹೋಟೆಲುಗಳಲ್ಲಿ ‘ಪ್ಯಾಡ್ ಥಾಯ್’ ಎಂಬ ಹೆಸರಿನಲ್ಲಿ ಸಿಗುವ ಶ್ಯಾವಿಗೆಯ ಮೊದಲ ಪದವೂ ಇದೇ. ‘ಚೊನ್’ ಎಂದರೆ ವರೆಗೆ. ‘ಹೊಮ್’ ಎಂದರೆ ಪರಿಮಳ. ಆ ದೇಶದ ಹೆಸರಾಂತ ಅಕ್ಕಿ ‘ಹೊಮ್ ಮಲಿ’ಯಲ್ಲಿ ಇರುವುದು ಈ ಹೊಮ್ ಶಬ್ದವೇ, ‘ಮಲಿ’ ಎಂದರೆ ಮಲ್ಲಿಗೆ. ಅಂತೂ ಪರಿಮಳ ಬರುವವರೆಗೆ ಹುರಿಯಬೇಕು. ಎಷ್ಟು ನಿಮಿಷ? ಅದನ್ನು ಥಾಯ್ ಪುಸ್ತಕವೂ ಹೇಳುವುದಿಲ್ಲ.

ಈ ‘ಹೊಮ್’ ಎಂಬ ಘಟ್ಟದ ಮೇಲೆಯೇ ಇಡೀ ಅಡುಗೆ ನಿಂತಿರುವ ಒಂದು ಪದಾರ್ಥವಿದೆ. ಅದರ ಹೆಸರು ‘ಫತ್ ಫ್ರಿಕ್ ಖಿಂಗ್’. ಸಾರಿನಂತೆ ತೆಳ್ಳಗಿರದ, ಬಾಣಲೆಯಲ್ಲೇ ಮಸಾಲೆ ಒಣಗಿ ತರಕಾರಿಗೆ ಅಂಟಿಕೊಳ್ಳುವ ಒಂದು ಬಗೆಯ ಪಲ್ಯ. ಕೆಂಪು ಮೆಣಸಿನಕಾಯಿಯ ಮಸಾಲೆ, ಗೇಣುದ್ದದ ಅಲಸಂದೆ ಕಾಯಿ, ಜೊತೆಗೆ ಸಾಮಾನ್ಯವಾಗಿ ಹಂದಿಮಾಂಸ. ಹೆಸರಿನ ಕೊನೆಯಲ್ಲಿರುವ ‘ಖಿಂಗ್’ ಶಬ್ದಕ್ಕೆ ಶುಂಠಿ ಎಂದು ಅರ್ಥ. ಆದರೆ ಸಾಮಾನ್ಯವಾಗಿ ಈ ಪಲ್ಯದಲ್ಲಿ ಶುಂಠಿಯೇ ಇರುವುದಿಲ್ಲ! ಹೆಸರು ನೋಡಿ ವಸ್ತುವನ್ನು ನಿರ್ಧರಿಸಬಾರದು ಎಂಬ ಪಾಠ ಅಡುಗೆಮನೆಯ ಬಾಗಿಲಲ್ಲೇ ಸಿಕ್ಕಂತಾಯಿತು.

ಥಾಯ್ಲೆಂಡಿನದೇ ಎಂದು ಎಲ್ಲರೂ ನಂಬಿರುವ ಈ ಪಲ್ಯದ ಜಾತಕ ತೆಗೆದು ನೋಡಿದರೆ ಇನ್ನಷ್ಟು ಸೋಜಿಗ ಕಾದಿದೆ. ತೆಳು ಬಾಣಲೆಯನ್ನು ಜೋರು ಉರಿಯ ಮೇಲಿಟ್ಟು ಬೇಗ ಬೇಗ ಹುರಿಯುವುದು ಚೀನಾದಿಂದ ವಲಸೆ ಬಂದವರು ತಂದ ವಿದ್ಯೆ. ಬೇರು, ಗಡ್ಡೆ, ಎಲೆಗಳನ್ನು ಕುಟ್ಟಿ ಮಸಾಲೆ ಮಾಡುವುದು ಆ ನೆಲದ್ದೇ ಪದ್ಧತಿ. ಕೆಂಪು ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಕೊಲಂಬಸ್ 1492ರಲ್ಲಿ ಅಲ್ಲಿಗೆ ತಲುಪುವ ಮೊದಲು ಭಾರತದಲ್ಲಾಗಲಿ ಥಾಯ್ಲೆಂಡಿನಲ್ಲಾಗಲಿ ಯಾರೂ ಅದನ್ನು ಕಂಡಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾವನ್ನೂ 1511ರಲ್ಲಿ ಮಲಾಕ್ಕಾವನ್ನೂ ಹಿಡಿದರು. ಮಲಾಕ್ಕಾ ಹಿಡಿದ ವರ್ಷವೇ ಅಯುತ್ಥಯದ ರಾಜನ ಬಳಿಗೆ ತಮ್ಮ ದೂತನನ್ನು ಕಳಿಸಿದರು. ಮೆಣಸಿನಕಾಯಿ ಪೂರ್ವದೇಶಗಳಿಗೆ ಹರಡಿದ್ದು ಇಂಥ ಹಡಗುಗಳ ದಾರಿಯಲ್ಲಿ.

ಅದಕ್ಕೂ ಮುಂಚೆ ಖಾರ ಎಂದರೆ ಕಾಳುಮೆಣಸು. ಇದಕ್ಕೆ ಭಾಷೆಯೇ ಸಾಕ್ಷಿ. ಥಾಯ್ ಭಾಷೆಯಲ್ಲಿ ಈಗ ‘ಫ್ರಿಕ್’ ಎಂದರೆ ಮೆಣಸಿನಕಾಯಿ. ಹಳೆಯ ಕಾಳುಮೆಣಸನ್ನು ‘ಫ್ರಿಕ್ ಥಾಯ್’, ಅಂದರೆ ಥಾಯ್ ಮೆಣಸು ಎಂದು ಕರೆಯುತ್ತಾರೆ. ಹೊಸಬ ಬಂದು ಹೆಸರನ್ನು ಕಿತ್ತುಕೊಂಡಾಗ ಹಳಬ ಊರಿನ ಹೆಸರು ಸೇರಿಸಿಕೊಂಡು ಬದುಕಬೇಕಾಯಿತು. ಕನ್ನಡದಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. ಒಂದು ಕಾಲಕ್ಕೆ ಬರಿಯ ‘ಮೆಣಸು’ ಎನಿಸಿಕೊಂಡಿದ್ದ ಬಳ್ಳಿಯ ಕಾಳು, ಮೆಣಸಿನಕಾಯಿ ಬಂದ ಮೇಲೆ ‘ಕಾಳುಮೆಣಸು’, ‘ಕರಿಮೆಣಸು’ ಎಂದು ವಿಶೇಷಣ ಹಚ್ಚಿಕೊಂಡಿತು. ದೂರದ ಎರಡು ಅಡುಗೆಮನೆಗಳು ಒಬ್ಬನೇ ಅತಿಥಿಯನ್ನು ಒಂದೇ ರೀತಿ ಬರಮಾಡಿಕೊಂಡವು.

ಇರಲಿ, ಈಗ ಒಲೆಯ ಕಡೆ ಬರೋಣ. ಬ್ಯಾಂಕಾಕಿನ ಒಂದು ಮಧ್ಯಮ ವರ್ಗದ ಮನೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಮೂವರು: ಎಪ್ಪತ್ತು ದಾಟಿದ ಅಜ್ಜಿ, ಕಚೇರಿಗೆ ಹೋಗುವ ತಾಯಿ, ಶಾಲೆ ಮುಗಿಸಿದ ಮಗಳು. ಮಗಳಿಗೆ ಚಿಯಾಂಗ್ ಮಾಯ್ ನಗರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಅದು ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್. ಇನ್ನೊಂದು ವಾರಕ್ಕೆ ಹೊರಡಬೇಕು. ಅವಳಿಗೆ ಅನ್ನ ಮಾಡುವುದು ಬಿಟ್ಟರೆ ಇನ್ನೇನೂ ಬಾರದು. ಅದು ಅವಳ ತಪ್ಪಲ್ಲ. ‘ನೀನು ಓದಿಕೋ, ಅಡುಗೆಮನೆ ಕಡೆ ಬರಬೇಡ’ ಎಂದು ತಾಯಿಯೇ ಹೇಳುತ್ತ ಬಂದಿದ್ದಳು. ಈ ಮಾತು ಯಾವ ದೇಶದ ತಂದೆತಾಯಿಗೂ ಹೊಸದಲ್ಲ. ಪರೀಕ್ಷೆಯ ಅಂಕ ಬಂತು, ಸೀಟೂ ಸಿಕ್ಕಿತು. ಈಗ ಪೆಟ್ಟಿಗೆ ಕಟ್ಟುವ ಹೊತ್ತಿಗೆ, ‘ಅಲ್ಲಿ ಹೋಗಿ ಏನು ತಿನ್ನುತ್ತಾಳೆ?’ ಎಂಬ ಚಿಂತೆ ಹತ್ತಿದೆ. ಅಜ್ಜಿ ಮಾತ್ರ ಚಿಂತೆ ಮಾಡುತ್ತ ಕೂರದೆ ಭಾನುವಾರ ಬೆಳಿಗ್ಗೆ ಕಲ್ಲಿನ ಕುಟ್ಟಾಣಿಯನ್ನು ತೊಳೆದು ಇಟ್ಟುಕೊಂಡಿದ್ದಾಳೆ.

ಥಾಯ್ ಕುಟ್ಟಾಣಿ ಏಲಕ್ಕಿ ಕುಟ್ಟುವ ಪುಟ್ಟ ಕುಟ್ಟಾಣಿಯಲ್ಲ. ಗ್ರಾನೈಟ್ ಕಲ್ಲಿನಲ್ಲಿ ಕಡೆದ, ಎರಡೂ ಕೈ ಹಾಕಿ ಎತ್ತಬೇಕಾದ ಭಾರದ ಪಾತ್ರೆ. ಚೋನ್‌ಬುರಿ ಪ್ರಾಂತದ ಆಂಗ್ ಸಿಲಾ ಎಂಬ ಊರು ಇಂಥ ಕಲ್ಲುಗಳಿಗೆ ಹೆಸರುವಾಸಿ. ಒಳ್ಳೆಯ ಸೊಸೆಯನ್ನು ಕುಟ್ಟಾಣಿಯ ಸದ್ದು ಕೇಳಿಯೇ ಆರಿಸುತ್ತಿದ್ದರು ಎಂದು ಹಳಬರು ಹೇಳುವುದುಂಟು. ತಡೆದು ತಡೆದು ಕುಟ್ಟಿದರೆ ಕೈ ಪಳಗಿಲ್ಲ ಎಂದು ಅರ್ಥ. ಒಂದೇ ತಾಳದಲ್ಲಿ ಬಂದರೆ ಮದುವೆ ನಿಶ್ಚಯ!

ಕುಟ್ಟುವುದಕ್ಕೂ ಒಂದು ಕ್ರಮವಿದೆ. ಮೊದಲು ಗಟ್ಟಿ ಮತ್ತು ಒಣಗಿದ್ದು, ಕೊನೆಗೆ ಮೆತ್ತಗಿನ ಮತ್ತು ನೀರಿನಂಶವುಳ್ಳದ್ದು. ನಾಲ್ಕು ಜನರ ಪಲ್ಯಕ್ಕೆ ಏಳೆಂಟು ಒಣ ಕೆಂಪು ಮೆಣಸಿನಕಾಯಿ ಸಾಕು. ಬೀಜ ತೆಗೆದು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಅರ್ಧ ಚಮಚ ಕಲ್ಲುಪ್ಪಿನ ಜೊತೆ ಕುಟ್ಟಬೇಕು. ಉಪ್ಪು ಇಲ್ಲಿ ರುಚಿಗಾಗಿ ಮಾತ್ರವಲ್ಲ. ಅದರ ಹರಳುಗಳು ಮರಳುಕಾಗದದಂತೆ ಸಿಪ್ಪೆಯನ್ನು ಉಜ್ಜಿ ಹರಿಯುತ್ತವೆ. ಆಮೇಲೆ ನಾಲ್ಕು ಕಾಳುಮೆಣಸು. ನಂತರ ‘ಖಾ’ ಎಂಬ, ಶುಂಠಿಯ ಕುಟುಂಬಕ್ಕೆ ಸೇರಿದ ಗಡ್ಡೆಯ ನಾಲ್ಕು ಬಿಲ್ಲೆ. ಆಮೇಲೆ ಒಂದು ದಂಟು ಮಜ್ಜಿಗೆ ಹುಲ್ಲಿನ ಬುಡ. ಇದರ ನಾರು ಉದ್ದಕ್ಕೆ ಓಡುವುದರಿಂದ ಅಡ್ಡಡ್ಡಲಾಗಿ ಕಾಗದದಷ್ಟು ತೆಳ್ಳಗೆ ಹೆಚ್ಚದಿದ್ದರೆ ಎಷ್ಟು ಕುಟ್ಟಿದರೂ ಹಲ್ಲಿಗೆ ಸಿಗುತ್ತದೆ. ಬಳಿಕ ‘ಮಕ್ರೂತ್’ ಎಂಬ ಗಂಟುಗಂಟಾದ ನಿಂಬೆಯ ಸಿಪ್ಪೆ ಚೂರು, ಎರಡು ಕೊತ್ತಂಬರಿ ಬೇರು. ಕೊನೆಗೆ ಐದಾರು ಎಸಳು ಬೆಳ್ಳುಳ್ಳಿ, ಮೂರು ಚಿಕ್ಕ ಈರುಳ್ಳಿ. ಮಾಂಸಾಹಾರಿಗಳಾದರೆ ಒಂದು ಚಮಚ ಸೀಗಡಿಯ ಮುದ್ದೆ.

‘ಇಷ್ಟೆಲ್ಲ ಯಾಕೆ? ಮಿಕ್ಸಿಗೆ ಹಾಕಿದರಾಯಿತು’ ಎನ್ನುತ್ತಾಳೆ ಮೊಮ್ಮಗಳು. ಪ್ರಶ್ನೆ ಸರಿಯಾದದ್ದೇ. ಮಿಕ್ಸಿಯ ಅಲಗು ಕತ್ತರಿಸುತ್ತದೆ, ಕಲ್ಲು ಜಜ್ಜುತ್ತದೆ. ಬೆಳ್ಳುಳ್ಳಿಯ ಘಾಟು ಇಡೀ ಎಸಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಜೀವಕೋಶ ಒಡೆದು ಆಲಿಯಿನ್ ಎಂಬ ವಸ್ತುವೂ ಆಲಿಯಿನೇಸ್ ಎಂಬ ಕಿಣ್ವವೂ ಸೇರಿದಾಗಲೇ ಅದು ಹುಟ್ಟುವುದು. ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಕೂಡ ಕೋಶಗಳ ಒಳಗೆ ಬಂಧಿಯಾಗಿರುವ ಎಣ್ಣೆ. ಜಜ್ಜಿದಷ್ಟೂ ಅದು ಹೊರಬರುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ: ಮಿಕ್ಸಿ ತಿರುಗಬೇಕಾದರೆ ನೀರು ಹಾಕಬೇಕು, ಕುಟ್ಟಾಣಿಗೆ ನೀರು ಬೇಡ. ಈ ನೀರಿನ ವಿಷಯ ಮುಂದೆ ಬಹಳ ಮುಖ್ಯವಾಗುತ್ತದೆ.

ತಾಯಿ ಅಷ್ಟರಲ್ಲಿ ಸಂತೆಯಿಂದ ಬರುತ್ತಾಳೆ. ಅವಳ ಕೈಯಲ್ಲೂ ಮಸಾಲೆ ಇದೆ. ಥಾಯ್ ಸಂತೆಗಳಲ್ಲಿ ಬಗೆಬಗೆಯ ಮಸಾಲೆ ಮುದ್ದೆಗಳನ್ನು ಗೋಪುರದಂತೆ ಪೇರಿಸಿಟ್ಟಿರುತ್ತಾರೆ. ‘ಒಂದು ಖೀತ್ ಕೊಡಿ’ ಎಂದರೆ 100 ಗ್ರಾಂ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ದುಡಿಯುವ ಮನೆಗಳಲ್ಲಿ ಇದೇ ರೂಢಿ. ಅಜ್ಜಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ತಾಯಿ ಆ ಚೀಲವನ್ನು ಮೂಲೆಯಲ್ಲಿಟ್ಟಳು.

ಮೊಮ್ಮಗಳು ಬಾಣಲೆಗೆ ಮೂರು ಚಮಚ ಎಣ್ಣೆ ಹಾಕಿ ಮಸಾಲೆ ಇಳಿಸಿದಳು. ಕೈಯಲ್ಲಿ ಸೌಟು, ಪಕ್ಕದಲ್ಲಿ ಮೊಬೈಲು. ಮೊಬೈಲಿನಲ್ಲಿ ಯಾರೋ ಬರೆದಿದ್ದ ವಿಧಾನದ ಪ್ರಕಾರ ಮೂರು ನಿಮಿಷ ಹುರಿಯಬೇಕು.

‘ಯಾಯ್, ಮೂರು ನಿಮಿಷ ಸಾಕಲ್ಲವೇ?’ ಎಂದು ಕೇಳಿದಳು. ತಾಯಿಯ ತಾಯಿಯನ್ನು ಥಾಯ್ ಮಕ್ಕಳು ಕರೆಯುವುದು ಹಾಗೆಯೇ.

‘ಹೊಮ್ ಆಗುವವರೆಗೆ’ ಎಂದಳು ಅಜ್ಜಿ.

‘ಅಂದರೆ ಎಷ್ಟು ಹೊತ್ತು?’

‘ಮೂಗು ಇದೆಯಲ್ಲ, ನೋಡಿಕೋ.’

ಹುಡುಗಿ ಮೂಗನ್ನು ನಂಬಲಿಲ್ಲ, ಗಡಿಯಾರವನ್ನು ನಂಬಿದಳು. ಉರಿ ಜೋರಾಗಿತ್ತು. ಎರಡನೆಯ ನಿಮಿಷ ಮುಗಿಯುವುದರೊಳಗೆ ಬಾಣಲೆಯಿಂದ ಘಾಟು ಎದ್ದಿತು. ಮೂವರಿಗೂ ಕೆಮ್ಮು. ಬಾಣಲೆಯ ತಳದಲ್ಲಿ ಕಪ್ಪು. ಮುಕ್ಕಾಲು ಗಂಟೆ ಕುಟ್ಟಿದ್ದು ಅರ್ಧ ನಿಮಿಷದಲ್ಲಿ ಸುಟ್ಟುಹೋಯಿತು. ಹುಡುಗಿಯ ಕಣ್ಣಿನಲ್ಲಿ ಬಂದ ನೀರು ಮೆಣಸಿನಕಾಯಿಯದೋ ಬೇಸರದ್ದೋ ಹೇಳುವುದು ಕಷ್ಟ.

ಇಲ್ಲಿ ನಡೆದದ್ದನ್ನು ಹೈಸ್ಕೂಲಿನ ಯಾವ ವಿದ್ಯಾರ್ಥಿಯಾದರೂ ವಿವರಿಸಬಲ್ಲ. ಮಸಾಲೆಯಲ್ಲಿ ನೀರು ಇರುವವರೆಗೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 80 ಕ್ಯಾಲೊರಿ ಸಾಕು. ಆದರೆ ಅದೇ ನೀರನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಆದ್ದರಿಂದ ಒಲೆಯ ಶಾಖವೆಲ್ಲ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ನೀರು ಮುಗಿದ ಕೂಡಲೇ ಉಷ್ಣತೆ ಸರ್ರನೆ ಏರುತ್ತದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬೇಗ ಬೇಗ ಸೇರಿ ಹುರಿದ ಕಂಪು ಮತ್ತು ಕೆಂಬಣ್ಣ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಮೆಣಸಿನಕಾಯಿಯ ಖಾರವನ್ನು ಅಳೆಯಲು ಅಮೆರಿಕದ ವಿಲ್ಬರ್ ಸ್ಕೋವಿಲ್ ತನ್ನ ಮಾಪನ ರೂಪಿಸಿದ್ದೂ ಅದೇ 1912ರಲ್ಲಿ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಕೆಂಪಗಾಗಿ ಅಂಚಿನಲ್ಲಿ ಬಿಟ್ಟುಕೊಳ್ಳುವುದು, ಖಾರ ಪಲ್ಯದ ತುಂಬ ಸಮವಾಗಿ ಹರಡುವುದು ಹೀಗೆ. ಆದರೆ ಇನ್ನೂ ಸ್ವಲ್ಪ ಮುಂದೆ ಹೋದರೆ ಕಂಪು ಹೋಗಿ ಕಹಿ ಬರುತ್ತದೆ. ‘ಹೊಮ್’ ಇರುವುದು ನೀರು ಮುಗಿದದ್ದಕ್ಕೂ ಕಹಿ ಶುರುವಾಗುವುದಕ್ಕೂ ನಡುವಿನ ಸಣ್ಣ ಕಿಂಡಿಯಲ್ಲಿ.

ಮೊಬೈಲಿನಲ್ಲಿ ಬರೆದವರು ಸುಳ್ಳು ಹೇಳಿರಲಿಲ್ಲ. ಅವರ ಒಲೆ ಬೇರೆ, ಬಾಣಲೆ ಬೇರೆ, ಬಹುಶಃ ಅವರ ಮಸಾಲೆ ಮಿಕ್ಸಿಯಲ್ಲಿ ನೀರು ಹಾಕಿ ರುಬ್ಬಿದ್ದು. ಅಜ್ಜಿಯ ಮಸಾಲೆಯಲ್ಲಿ ನೀರೇ ಕಡಿಮೆ. ಹಾಗಾಗಿ ಅದು ಬೇಗ ಹದಕ್ಕೆ ಬಂತು, ಬೇಗ ಸುಟ್ಟಿತು. ಎರಡು ಮನೆಗಳ ‘ಮೂರು ನಿಮಿಷ’ ಒಂದೇ ಅಲ್ಲ.

ಅಜ್ಜಿ ಬೈಯಲಿಲ್ಲ. ಬಾಣಲೆಯನ್ನು ತೊಳೆಯಲು ಕೊಟ್ಟಳು. ತಾಯಿ ಸುಮ್ಮನೆ ಮೂಲೆಯಲ್ಲಿದ್ದ ಸಂತೆಯ ಚೀಲವನ್ನು ತಂದು ರಬ್ಬರ್ ಬ್ಯಾಂಡ್ ಬಿಚ್ಚಿದಳು. ಅಜ್ಜಿಯ ಮುಖದಲ್ಲಿ ಸಣ್ಣ ನಗು. ‘ಮೊಬೈಲು ಆ ಕಡೆ ಇಡು. ಈ ಸಲ ನೀನೇ ಹೇಳು’ ಎಂದಳು.

ಉರಿ ಮಧ್ಯಮ. ಹಸಿ ಮಸಾಲೆ ಎಣ್ಣೆಗೆ ಬಿದ್ದಾಗ ಚಟಪಟ ಎಂದು ಗಲಾಟೆ ಮಾಡಿತು; ಅದು ನೀರಿನ ಮಾತು. ಮೊದಲು ಬಂದದ್ದು ಹಸಿ ಈರುಳ್ಳಿಯ ವಾಸನೆ. ಆಮೇಲೆ ಮಜ್ಜಿಗೆ ಹುಲ್ಲಿನ ನಿಂಬೆಯಂಥ ಕಂಪು ಒಂದು ಸಲ ಎದ್ದು ಹೋಯಿತು. ಮೂರು ನಿಮಿಷ ಕಳೆದರೂ ಮುದ್ದೆ ಒದ್ದೆಯಾಗಿಯೇ ಇತ್ತು. ಸೌಟು ಆಡುತ್ತಲೇ ಇತ್ತು. ನಿಧಾನವಾಗಿ ಗಲಾಟೆ ಇಳಿಯಿತು, ಸದ್ದು ಸಣ್ಣದಾಯಿತು, ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸಿಕೊಂಡಿತು. ಬೇರೆ ಬೇರೆಯಾಗಿ ಬರುತ್ತಿದ್ದ ವಾಸನೆಗಳು ಒಂದಾದಂತೆ ಅನಿಸಿದಾಗ ಹುಡುಗಿ, ‘ಈಗ!’ ಎಂದಳು.

ಅಜ್ಜಿ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಮೊಮ್ಮಗಳ ಮುಖವನ್ನು ನೋಡುತ್ತಿದ್ದಳು. ವಯಸ್ಸಾದಂತೆ ಅವಳ ಮೂಗು ಮಂದವಾಗಿ ಕೆಲವು ವರ್ಷಗಳಾಗಿದ್ದವು. ಸದ್ದಿನಿಂದ, ಬಣ್ಣದಿಂದ ಅವಳು ಅಡುಗೆ ನಡೆಸಿಕೊಂಡು ಬಂದಿದ್ದಳು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ಮಸಾಲೆ ಸುಡುವಾಗ ಅವಳು ತಡೆಯದೆ ಇದ್ದದ್ದು ಪಾಠ ಕಲಿಸಲೆಂದು ಮಾತ್ರವೇ ಆಗಿರಲಿಲ್ಲ.

ಮುಂದಿನದು ಸುಲಭ. ಒಂದು ಚಮಚ ತಾಳೆಬೆಲ್ಲ, ಒಂದು ಚಮಚ ಮೀನಿನ ರಸ. ಸಣ್ಣಗೆ ಹೆಚ್ಚಿದ ಮಾಂಸ ಇನ್ನೂರು ಗ್ರಾಂ ಹಾಕಿ ಪೂರ್ತಿ ಬೇಯುವವರೆಗೆ ಕೈಯಾಡಿಸಬೇಕು. ಒಂದು ಅಂಗುಲಕ್ಕೆ ಕತ್ತರಿಸಿದ ಅಲಸಂದೆ ಕಾಲು ಕಿಲೋ. ಕಾಯಿಯನ್ನು ಮೊದಲೇ ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದರೆ ಕೋಶಗಳ ನಡುವಿನ ಗಾಳಿ ಹೋಗಿ ಹಸಿರು ಇನ್ನಷ್ಟು ಹೊಳೆಯುತ್ತದೆ. ಎಲ್ಲ ಬೆರೆತ ಮೇಲೆ ಮಕ್ರೂತ್ ನಿಂಬೆಯ ನಾಲ್ಕೈದು ಎಲೆಗಳನ್ನು ದಾರದಂತೆ ಹೆಚ್ಚಿ ಉದುರಿಸಿ ಒಲೆ ಆರಿಸಬೇಕು. ಥಾಯ್ಲೆಂಡಿನಲ್ಲಿ ಸಸ್ಯಾಹಾರ ವ್ರತ ಹಿಡಿಯುವವರೂ ಇದ್ದಾರೆ. ‘ಚೇ’ ಎಂದು ಕರೆಯುವ ಆ ಪದ್ಧತಿಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಅವರು ಮಾಂಸದ ಬದಲು ಸೋಯಾ ಹಾಲಿನ ಗಿಣ್ಣಾದ ತೋಫು ಹಾಕುತ್ತಾರೆ, ಮೀನಿನ ರಸದ ಬದಲು ಸೋಯಾ ಸಾಸ್. ಕರ್ನಾಟಕದ ಅಲಸಂದೆಯೂ ಅಲ್ಲಿನ ಉದ್ದ ಕಾಯಿಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ. ಅದು ಅದೇ ಬಳ್ಳಿಯ ಉದ್ದ ಕಾಯಿಯ ತಳಿ, ಅಷ್ಟೆ.

ಮೂಗಿಗೆ ಇಷ್ಟೊಂದು ಮಹತ್ವವೇ ಎಂದು ಯಾರಾದರೂ ಕೇಳಬಹುದು. ಮನುಷ್ಯನ ಮೂಗಿನಲ್ಲಿ ವಾಸನೆ ಗುರುತಿಸುವ ಗ್ರಾಹಕಗಳು ಸುಮಾರು 400 ಬಗೆಯವು. ಅವುಗಳ ಹಿಂದಿರುವ ಜೀನ್‌ಗಳನ್ನು 1991ರಲ್ಲಿ ಪತ್ತೆಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಖಾರ ರುಚಿಯಲ್ಲ, ಸುಡುವ ನೋವಿನ ಅನುಭವ ಎಂಬುದಕ್ಕೆ ಆಧಾರವಾದ ಗ್ರಾಹಕವನ್ನು ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದರು. ಅದಕ್ಕಾಗಿ ಅವರು ಬಳಸಿದ್ದು ಮೆಣಸಿನಕಾಯಿಯ ಕ್ಯಾಪ್ಸೈಸಿನನ್ನೇ. ಅವರಿಗೂ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಇಷ್ಟೆಲ್ಲ ಸಲಕರಣೆ ಹುಟ್ಟಿನಿಂದಲೇ ಎಲ್ಲರಿಗೂ ಇದೆ. ಆದರೆ ಯಾವ ವಾಸನೆಗೆ ಯಾವ ಅರ್ಥ ಎಂಬುದು ಹುಟ್ಟಿನಿಂದ ಬರುವುದಿಲ್ಲ.

ಇದಕ್ಕೆ ಲಂಡನ್ ನಗರದಲ್ಲಿ 2007ರ ಅಕ್ಟೋಬರಿನಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ಅಲ್ಲಿನ ಸೋಹೊ ಬಡಾವಣೆಯ ಒಂದು ಥಾಯ್ ಹೋಟೆಲಿನಲ್ಲಿ ‘ನಾಮ್ ಫ್ರಿಕ್ ಫಾವ್’ ಎಂಬ ಚಟ್ನಿಗಾಗಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಬೀದಿಗೆ ಹಬ್ಬಿತು. ಜನ ಕೆಮ್ಮತೊಡಗಿದರು, ವಿಷಾನಿಲದ ದಾಳಿ ಇರಬಹುದೆಂಬ ಭೀತಿ ಹುಟ್ಟಿತು. ರಸ್ತೆ ಮುಚ್ಚಿದರು. ಅಗ್ನಿಶಾಮಕ ದಳದವರು ಉಸಿರಾಟದ ಉಪಕರಣ ಧರಿಸಿ ಬಂದು ಬಾಗಿಲು ಒಡೆದು ಒಳಹೊಕ್ಕರು. ಹೊರಗೆ ತಂದದ್ದು ಮೆಣಸಿನಕಾಯಿಯ ಪಾತ್ರೆ! ಒಬ್ಬರ ಮೂಗಿಗೆ ಊಟದ ಕರೆಯಾಗಿದ್ದದ್ದು ಇನ್ನೊಬ್ಬರ ಮೂಗಿಗೆ ಅಪಾಯದ ಗಂಟೆಯಾಗಿತ್ತು. ಮೂಗು ಎರಡೂ ಕಡೆ ಒಂದೇ, ಪಳಗಿಸಿದ ಮನೆ ಬೇರೆ.

ಸಂತೆಯಲ್ಲಿ ಮಸಾಲೆ ಸಿಗುತ್ತದೆ, ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ಮೊಬೈಲಿನಲ್ಲಿ ಅಳತೆ ಸಿಗುತ್ತದೆ. ಇವುಗಳನ್ನು ಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಕುಟ್ಟುವ ಅಜ್ಜಿಯೇ ಸಂತೆಯ ಚೀಲಕ್ಕೆ ನಕ್ಕು ಒಪ್ಪಿಗೆ ಕೊಟ್ಟಳಲ್ಲ! ಕೊಳ್ಳಲು ಸಿಗದಿರುವುದು ‘ಈಗ’ ಎನ್ನುವ ಧೈರ್ಯ ಒಂದೇ. ಅದು ಬರುವುದು ಗೊತ್ತಿದ್ದವರ ಪಕ್ಕದಲ್ಲಿ ನಿಂತು, ಒಂದೆರಡು ಸಲ ಸುಟ್ಟು, ಮತ್ತೆ ಮಾಡಿದಾಗ. ಗೊತ್ತಿದ್ದವರ ಮೂಗು ಸದಾ ಚುರುಕಾಗಿ ಇರುವುದಿಲ್ಲ, ಮಕ್ಕಳೂ ಸದಾ ಮನೆಯಲ್ಲಿ ಇರುವುದಿಲ್ಲ. ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಡುವ ಮಕ್ಕಳಿರುವ ಇಲ್ಲಿನ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಇದಕ್ಕೆ ಥಾಯ್ ಮಸಾಲೆಯೇ ಆಗಬೇಕೆಂದಿಲ್ಲ. ಬರುವ ಭಾನುವಾರ ಸಾರಿನ ಒಗ್ಗರಣೆಯೋ ಹುಳಿಪುಡಿಗೆ ಕೊತ್ತಂಬರಿ ಹುರಿಯುವುದೋ ಇದ್ದೇ ಇರುತ್ತದೆ. ಮಗಳಾಗಲಿ ಮಗನಾಗಲಿ, ಸೌಟನ್ನು ಅವರ ಕೈಗೆ ಕೊಡಿ. ಗಡಿಯಾರ, ಮೊಬೈಲು ಹೊರಗಿರಲಿ. ನಿಮಗೆ ಮೊದಲೇ ಗೊತ್ತಾದರೂ ಬಾಯಿ ಬಿಡಬೇಡಿ. ಸ್ವಲ್ಪ ಸೀದರೂ ಸೀಯಲಿ. ಅವರು ‘ಈಗ’ ಎಂದ ಮೇಲೆ ಒಲೆ ಆರಿಸಿ.